ಇನ್ನ ಅವನ ಪಾಳಿ

ಮೊನ್ನೆ ರವಿವಾರ ರಾತ್ರಿ ನಮ್ಮಕ್ಕನ ಮಗಳು ಪುಣೆಯಿಂದ ಫೋನ್ ಮಾಡಿದ್ಲು. ಮದುವಿಯಾಗಿ ಎಂಟು ತಿಂಗಳಾತು. ಅಡಗಿ, ನೌಕರಿ, ಗಂಡನ ಡ್ಯೂಟಿ ಎಲ್ಲಾ ಹೇಳಿ ಮುಗಿಸಿದ ಮ್ಯಾಲೆ ಸಣ್ಣ ದನಿಯೊಳಗ ಅಂದ್ಲು, "ಚಿಗವ್ವಾ, ನನಗ ಪ್ರಾರ್ಥನಿಗೆ ಕುಂಡ್ರಾಕ ಆಗವಲ್ದು. ನಾಕು ದಿನ ಕುಂಡ್ರತೇನಿ, ಐದನೇ ದಿನ ಬಿಟ್ಟು ಹೋಗತೈತಿ. ಆಮ್ಯಾಲೆ ದೇವರ ಮುಂದ ಹೋಗಾಕ ನಾಚಿಕಿ ಬರತೈತಿ. ನೀ ಹೆಂಗ ದಿನಾ ಮಾಡ್ತೀ?"

ನನಗ ನಗು ಬಂತು. ನಾ ಎಷ್ಟು ಸಲ ಬಿಟ್ಟೇನಿ ಅನ್ನೂದು ಅಕಿಗೇನು ಗೊತ್ತು! ಫೋನಿನ್ಯಾಗ ಒಂದೆರಡು ಮಾತು ಹೇಳಿದೆ. ಆದ್ರ ಮಲಕೊಂಡ ಮ್ಯಾಲೆ ಅನಸ್ತು, ಪೂರಾ ಹೇಳಲಿಲ್ಲಲಾ ಅಂತ. ಪೂರಾ ಹೇಳಬೇಕಂದ್ರ ಅವಳ ಅವ್ವನ ಸುದ್ದಿ, ಅಂದ್ರ ನಮ್ಮಕ್ಕನ ಸುದ್ದಿ ಹೇಳಬೇಕು. ಅಕ್ಕನ್ನ ಕೇಳಿದೆ, "ಬರೀಲೇನು?" ಅಂತ. "ಬರಿ, ಆದ್ರ ನನ್ನ ಭಾಳ ಛಲೋದಾಕಿ ಮಾಡಬ್ಯಾಡ" ಅಂದ್ಲು. ಅದಕ್ಕ ಬರ್ಯಾಕ ಕುಂತೇನಿ.

ನಮ್ಮ ತವರುಮನಿ ಬೆಟಗೇರಿ. ನೇಕಾರರ ಊರು. ಮುಂಜಾನೆ ಮಗ್ಗದ ಸಪ್ಪಳಾ ಶುರುವಾಗೂಕಿಂತ ಮೊದಲ ನಮ್ಮವ್ವ ಏಳತಿದ್ಲು. ಕಂದೀಲು ಸಣ್ಣ ಮಾಡಿ, ಪಡಸಾಲಿ ಮೂಲಿಯೊಳಗ ಮಣಿ ಹಾಕ್ಕೊಂಡು, ತಲಿ ಮ್ಯಾಲೆ ಸೆರಗು ಎಳಕೊಂಡು ಕುಂಡ್ರತಿದ್ಲು. ಸತ್ಯವೇದ ತಗದು ಒಂದು ಕೀರ್ತನಿ ಓದೂದು, ಆಮ್ಯಾಲೆ ಪ್ರಾರ್ಥನಿ. ಪ್ರಾರ್ಥನಿಯೊಳಗ ನಮ್ಮ ಹೆಸರು, ಓಣಿ ಮಂದಿ ಹೆಸರು, ಆಕಳ ಹೆಸರೂ ಬರತಿತ್ತು. ಹೊದ್ದುಕೊಂಡ ಕೌದಿ ಒಳಗಿಂದ ನಾವು ಕೇಳತಿದ್ವಿ, ಇವತ್ತ ನಮ್ಮ ತಪ್ಪು ಏನರ ದೇವರ ಮುಂದ ಹೇಳ್ತಾಳೇನು ಅಂತ!

ಪ್ರಾರ್ಥನಿ ಮುಗಿದ ಮ್ಯಾಲೆ ಅವ್ವ ಏಳತಿರಲಿಲ್ಲ. ಹತ್ತು ಮಿನಿಟು ಹಂಗ ಸುಮ್ಮ ಕುಂಡ್ರತಿದ್ಲು. ಓದೂದಿಲ್ಲ, ಮಾತಿಲ್ಲ. ತೂಕಡಸ್ತಾಳ ಅಂತ ನಾ ತಿಳಕೊಂಡಿದ್ದೆ. ಒಂದಿನ ಕೇಳಿಬಿಟ್ಟೆ, "ಅವ್ವಾ, ಮುಗೀತಲಾ, ಇನ್ನ ಯಾಕ ಕುಂತಿ?" ಅಂತ. ಅವ್ವ ಕಣ್ಣು ತಗೀದನ ಅಂದ್ಲು, "ನಾ ಹೇಳೂದು ಮುಗೀತು. ಇನ್ನ ಅವನ ಪಾಳಿ."

ರೇಷನ್ ಅಂಗಡಿಯೊಳಗ, ನಳದ ಮುಂದ ಪಾಳಿ ಹಚ್ಚೂದು ನನಗ ಗೊತ್ತಿತ್ತು. ದೇವರಿಗೂ ಪಾಳಿ ಇರತೈತಿ ಅನ್ನೂದು ಆವಾಗ ತಿಳೀಲಿಲ್ಲ.

ಈ ಪದ್ಧತಿ ನಮ್ಮವ್ವನೊಬ್ಬಾಕಿದಲ್ಲ. ನಮ್ಮ ಕಡೆ ಹಳೇ ಕ್ರೈಸ್ತ ಮನಿಗಳೊಳಗ ಮುಂಜಾನೆ ವಾಚನ, ಸಂಜಿಮುಂದ ಮನಿ ಮಂದಿಯೆಲ್ಲಾ ಕೂಡಿ ಕುಟುಂಬ ಪ್ರಾರ್ಥನಿ ಅನ್ನೂದು ಊಟದಂಗ ನಡಕೋತ ಬಂದದ್ದು. ಬಾಸೆಲ್ ಮಿಷನ್ನಿನವರು 1834ರಾಗ ಮಂಗಳೂರಿಗೆ, 1837ರಾಗ ಧಾರವಾಡಕ್ಕ ಬಂದ್ರು. ಸಾಲಿ ಕಟ್ಟಿದ್ರು, ಪುಸ್ತಕ ಅಚ್ಚು ಹಾಕಿಸಿದ್ರು. ರವಿವಾರ ಅಷ್ಟ ಚರ್ಚಿಗೆ ಹೋದ್ರ ಸಾಲದು, ದಿನಾ ಮನಿಯೊಳಗ ವಾಕ್ಯ ಓದಬೇಕು, ಒಬ್ಬೊಬ್ಬರೂ ತಮ್ಮ ಮನಸ್ಸು ತಾವು ನೋಡಿಕೋಬೇಕು ಅನ್ನೂದು ಅವರ ಕಡೆಯ ಭಕ್ತಿಯ ರೀತಿ. ನಮ್ಮ ಅಜ್ಜಿ ಅದನ್ನ ಕಲತ್ಲು, ಅಜ್ಜಿಯಿಂದ ಅವ್ವ ಕಲತ್ಲು. ನಾ ಮಾತ್ರ ಕಲೀಲಿಲ್ಲ.

ಮದುವಿಯಾಗಿ ಹುಬ್ಬಳ್ಳಿಗೆ ಬಂದೆ. ಅತ್ತಿ, ಮಾವ, ಮೈದುನ, ಆಮ್ಯಾಲೆ ಎರಡು ಮಕ್ಕಳು. ಪ್ರಾರ್ಥನಿ ಮಾಡತಿರಲಿಲ್ಲ ಅಂತಲ್ಲ. ಒಗ್ಗರಣಿ ಹಾಕೋತ, ಬಸ್ಸಿನ್ಯಾಗ ಜೋತಾಡಕೋತ ಮಾಡತಿದ್ದೆ. "ಪರೀಕ್ಷಾ ಪಾಸು ಮಾಡು, ಇವರ ಬಿಪಿ ಇಳಸು, ಆ ಸಾಲ ತೀರಸು." ಕಿರಾಣಿ ಅಂಗಡಿ ಚೀಟಿ ಇದ್ದಂಗ. ಚೀಟಿ ಕೊಡೂದು, ಹೊರಳಿ ಬರೂದು. ಸುಮ್ಮ ಕುಂಡ್ರೂದು ಮಾತ್ರ ಇರಲೇ ಇಲ್ಲ.

ಅವ್ವ ಕಡೀ ಮೂರು ವರ್ಷ ಹಾಸಗಿ ಹಿಡಿದ್ಲು. ಅಕ್ಕ ಬೆಟಗೇರಿಯೊಳಗ ಇದ್ದಾಕಿ, ಅಕೀನ ನೋಡಿಕೊಂಡ್ಲು. ನಾ ತಿಂಗಳಿಗೊಮ್ಮೆ ಹಣ್ಣು ತಗೊಂಡು ಹೋಗಿ, ಸಂಜಿ ಬಸ್ಸಿಗೆ ವಾಪಸ ಬರತಿದ್ದೆ. ಅವ್ವ ತೀರಿಕೊಂಡ ಮ್ಯಾಲೆ ಅಕಿ ನಾಕು ಪಾಟ್ಲಿ ಮಾತು ಬಂತು. ಇಬ್ಬರಿಗೂ ಎರಡೆರಡು ಅಂತ ಅವ್ವ ಒಮ್ಮೆ ಅಂದಿದ್ಲು. ಅಕ್ಕ ನಾಕೂ ತನ್ನ ಕಡೆ ಇಟಗೊಂಡ್ಲು. ನಾ ಸುಮ್ಮನಿರಬೇಕಿತ್ತು, ಇಲ್ಲಾ ಒಬ್ಬಾಕಿನ್ನ ಕರದು ಕೇಳಬೇಕಿತ್ತು. ಹಂಗ ಮಾಡಲಿಲ್ಲ. ಅವ್ವನ ನೆನಪಿನ ಪ್ರಾರ್ಥನಿಗೆ ಕೂಡಿದ ಮಂದಿ ಎಲ್ಲಾ ಊಟಕ್ಕ ಕುಂತಾಗ, ಬಡಸೋ ಸೌಟು ಕೈಯಾಗ ಹಿಡಕೊಂಡು ಅಂದೆ, "ಮೂರು ವರ್ಷ ಅವ್ವನ್ನ ಯಾಕ ನೋಡಿಕೊಂಡಿ ಅನ್ನೂದು ಈಗ ತಿಳೀತು."

ಅಕ್ಕ ಏನೂ ಅನ್ನಲಿಲ್ಲ. ಬುಟ್ಟಿ ಕೆಳಗಿಟ್ಟು ಒಳಗ ಹೋದ್ಲು. ಅವತ್ತಿಂದ ಎರಡು ವರ್ಷ ನಮ್ಮಿಬ್ಬರ ನಡುವ ಮಾತಿಲ್ಲ.

ಪಾಟ್ಲಿ ಬರಲಿಲ್ಲ, ನನ್ನ ಪಾಲಿಗೆ ಅವ್ವನ ಸತ್ಯವೇದ ಬಂತು. ಅರವಿಯೊಳಗ ಸುತ್ತಿ ಕಪಾಟಿನ್ಯಾಗ ಇಟ್ಟೆ. ಸಿಟ್ಟಿನ್ಯಾಗ ಇಟ್ಟದ್ದು, ಖರೇ ಹೇಳಬೇಕಂದ್ರ.

ಮರುವರ್ಷ ನಮ್ಮ ಅತ್ತಿಗೆ ಲಕ್ವಾ ಹೊಡೀತು. ಬಲಗೈ, ಬಲಗಾಲು ಬಿತ್ತು, ಮಾತೂ ತೊದಲಾಕ ಹತ್ತಿತು. ದವಾಖಾನಿಯಿಂದ ಮನಿಗೆ ಕರಕೊಂಡು ಬಂದ ಮ್ಯಾಲೆ ನನ್ನ ನಿದ್ದಿ ಹೋತು, ನಗು ಹೋತು. ಎಲ್ಲಾರ ಮ್ಯಾಲೂ ಹರಿಹಾಯಾಕ ಶುರು ಮಾಡಿದೆ. ಒಂದಿನ ಸಣ್ಣ ಮಗಾ ಅಂದ, "ಮಮ್ಮಿ, ನೀ ಪ್ರಾರ್ಥನಿ ಮಾಡೂ ಮುಂದೂ ಬೈದಂಗ ಕೇಳಸತೈತಿ." ಆ ಮಾತು ನಟ್ಟಿತು. ಬೂದಿ ಬುಧವಾರ ಹತ್ರ ಬಂದಿತ್ತು. ಈ ಲೆಂಟಿನ 40 ದಿನ ಅವ್ವನಂಗ ಕುಂಡ್ರೂದು ಅಂತ ಠರಾಯಿಸಿ, ಕಪಾಟಿನಿಂದ ಆ ಗಂಟು ತಗದೆ.

ಮೊದಲಿನ ವಾರ ಪೂರಾ ಫಜೀತಿ. ನಾಕೂವರಿಗೆ ಎದ್ದು ಒಂದು ತಾಸು ಕುಂಡ್ರತೇನಿ ಅಂತ ಹೊಂಟೆ. ಮೂರನೇ ದಿನ ಸತ್ಯವೇದದ ಮ್ಯಾಲೆ ತಲಿ ಇಟ್ಟು ನಿದ್ದಿ ಹೊಡದೆ. ನಾಕನೇ ದಿನ ನಳ ಬಂತು. ನಮ್ಮ ಓಣಿಗೆ ನೀರು ಬರೂದು ನಾಕೈದು ದಿನಕ್ಕೊಮ್ಮೆ, ಅದು ಬಂದಾಗ ದೇವದೂತ ಬಾಗಲಾ ಬಡದ್ರೂ ನಿಂದ್ರು ಅನ್ನಬೇಕಾಗತೈತಿ. ಐದನೇ ದಿನ ಮೊಬೈಲಿನ್ಯಾಗ ವಾಕ್ಯ ಓದೂನು ಅಂತ ತಗದೆ, ವಾಟ್ಸಾಪಿನ್ಯಾಗ ಯಾರದೋ ಸೀಮಂತದ ಫೋಟೋ ನೋಡಕೋತ ಇಪ್ಪತ್ತು ಮಿನಿಟು ಹೋತು. ಆರನೇ ದಿನ ಏಳಲೇ ಇಲ್ಲ.

ಇದನ್ನ ನಮ್ಮ ಚರ್ಚಿನ ಹೆಣ್ಮಕ್ಕಳ ಕೂಟದಾಗ ಒಬ್ಬ ಹಿರೇರ ಮುಂದ ಹೇಳಕೊಂಡೆ. ಅವರು ಸಾಲಿ ಬಾಯಾರಾಗಿದ್ದವರು. ಜಾನ್ ವೆಸ್ಲಿ ಅನ್ನೋ ದೊಡ್ಡ ಬೋಧಕನ ತಾಯಿ ಸುಸಾನ್ನಳ ಕಥಿ ಹೇಳಿದ್ರು. ಇಂಗ್ಲೆಂಡಿನಾಕಿ. 19 ಮಕ್ಕಳನ್ನ ಹಡದಾಕಿ, ಉಳದವು ಹತ್ತು. ಆ ಗದ್ದಲದಾಗ ಅಕಿಗೆ ಬ್ಯಾರೆ ಕೋಣಿ ಎಲ್ಲಿಂದ ಬರಬೇಕು? ಮುಂದ ಕಟಗೊಂಡ ಏಪ್ರನ್ ಎತ್ತಿ ತಲಿ ಮ್ಯಾಲೆ ಹಾಕ್ಕೊಂಡು ಕುಂಡ್ರತಿದ್ಲಂತ. ಅವ್ವ ಹಂಗ ಕುಂತಾಗ ಮಾತಾಡಸಬಾರದು ಅಂತ ಮಕ್ಕಳಿಗೆ ಗೊತ್ತಿತ್ತಂತ. "ಕೋಣಿಗೆ ಹೋಗಿ ಬಾಗಲಾ ಹಾಕ್ಕೊಂಡು ಪ್ರಾರ್ಥನಿ ಮಾಡು ಅಂತ ಯೇಸುಸ್ವಾಮಿ ಹೇಳಿದ್ದು ಖರೇ. ನಮ್ಮ ಸೆರಗೇ ನಮ್ಮ ಬಾಗಲಾ ತಿಳಕೋ" ಅಂದ್ರು ಬಾಯಾರು. ಆಮ್ಯಾಲೆ ಕೇಳಿದ್ರು, "ಒಂದು ತಾಸು ಯಾರು ಕೇಳ್ಯಾರ ನಿನ್ನ? ಹತ್ತು ಮಿನಿಟು ಕೊಡು. ಆದ್ರ ದಿನಾ ಕೊಡು."

ಅಲ್ಲಿಂದ ನನ್ನ ದಾರಿ ಸುದ್ದ ಆತು. ನಾ ಏನು ಮಾಡಿದೆ ಅಂದ್ರ, ಹೊಸಾ ಹೊತ್ತು ಹುಡುಕೂದು ಬಿಟ್ಟೆ. ದಿನಾ ತಪ್ಪದ ಮಾಡೋ ಒಂದು ಕೆಲಸಕ್ಕ ಪ್ರಾರ್ಥನೀನ್ನ ಗಂಟು ಹಾಕಿದೆ. ಹಾಲು ಕಾಸಿ ಇಳಸೂದು ಯಾವ ದಿನಾನೂ ತಪ್ಪೂದಿಲ್ಲ. ಹಾಲಿಳಿಸಿ, ಗ್ಯಾಸ್ ಬಂದ್ ಮಾಡಿ, ಅಲ್ಲೇ ಅಡಗಿಮನಿ ಗ್ವಾಡಿಗೆ ಮಣಿ ಹಾಕಿ ಕುಂಡ್ರೂದು. ಆಮ್ಯಾಲೇ ಚಾ. ಮೊಬೈಲು ಪಡಸಾಲಿಯೊಳಗ. ಅವ್ವನ ಸತ್ಯವೇದ ಕಪಾಟಿನಿಂದ ಬಂದು ಉಪ್ಪಿನ ಡಬ್ಬಿ ಬಾಜೂಕ ಕುಂತತು.

ಓದೂದಕ್ಕ ದಿನಕ್ಕೊಂದು ಕೀರ್ತನಿ. ಒಟ್ಟು 150 ಅದಾವ. 117ನೇದು ಎರಡೇ ವಚನ, ಹಾಲಿನ ಕೆನಿ ತಗಿಯೂದರಾಗ ಮುಗೀತೈತಿ. 119ನೇದು ಮಾತ್ರ 176 ವಚನ. ಅದನ್ನ ಒಂದೇ ದಿನ ಓದಾಕ ಹೋಗಬ್ಯಾಡ್ರಿ. ಅದರಾಗ ಎಂಟೆಂಟು ವಚನದ 22 ಭಾಗ ಅದಾವ, ದಿನಕ್ಕೊಂದು ಭಾಗ ಓದಿದ್ರ ಸರಿಯಾಗತೈತಿ. ಹಂಗ ಮಾಡಿದ್ರ ಎಲ್ಲಾ ಕೀರ್ತನಿ ಮುಗಿಯಾಕ 171 ದಿನ, ಸುಮಾರು ಆರು ತಿಂಗಳು. ಕೀರ್ತನಿ ಯಾಕಂದ್ರ, ಅಲ್ಲಿ ಬರೇ ಸ್ತೋತ್ರ ಇಲ್ಲ. ಸಿಟ್ಟು ಐತಿ, ಹೊಟ್ಟೆಕಿಚ್ಚು ಐತಿ, ದೇವರಿಗೇ ಜಗಳಾ ತಗಿಯೂದು ಐತಿ. 88ನೇ ಕೀರ್ತನಿ ಕತ್ತಲಿಯೊಳಗ ಶುರುವಾಗಿ ಕತ್ತಲಿಯೊಳಗ ಮುಗೀತೈತಿ, ಸಮಾಧಾನದ ಒಂದು ಮಾತಿಲ್ಲ. ಅತ್ತೀನ್ನ ರಾತ್ರಿ ನಾಕು ಸಲ ಹೊರಳಿಸಿ ಮಲಗಿಸಿದ ಮರುದಿನ ಅದನ್ನ ಓದಿದಾಗ, ನನ್ನಂಥಾಕಿಗೂ ಇಲ್ಲಿ ಜಾಗಾ ಐತಿ ಅನಸ್ತು.

ಓದೂದು ಬಂತು, ಬಾಯಿ ಪ್ರಾರ್ಥನೀನೂ ಬಂತು. ಬರಲಾರದ್ದು ಒಂದೇ, ಅವನ ಪಾಳಿ. ಸುಮ್ಮ ಕುಂಡ್ರೂದು.

ಕಣ್ಣು ಮುಚ್ಚಿದ ಕೂಡಲೇ ಸಿಲಿಂಡರ್ ನೆನಪು, ಟ್ಯೂಷನ್ ಫೀ ನೆನಪು, ಮೂಲಿಯೊಳಗ ಜಿರಳಿ ನೆನಪು. ಅವೆಲ್ಲಾ ಬಂದು ಹೋಗಲಿ ಅಂತ ಬಿಟ್ಟೆ, ಹೋದೂ. ಹೋದ ಮ್ಯಾಲೆ ತಳದಾಗ ಒಂದು ಉಳೀತಿತ್ತು. ಬುಟ್ಟಿ ಕೆಳಗಿಟ್ಟು ಒಳಗ ಹೋದ ಅಕ್ಕ. ದಿನಾ ಅದೇ. ನನಗ ಸಿಟ್ಟು ಬಂತು. ಶಾಂತಿ ಸಿಗತೈತಿ ಅಂತ ಕುಂತ್ರ ಇದ್ದ ಶಾಂತೀನೂ ಹೋಗಾಕ ಹತ್ತೈತಿ ಅಂತ. ಅದಕ್ಕ ಮೋಸಾ ಮಾಡಿದೆ. ಪ್ರಾರ್ಥನಿ ಉದ್ದ ಮಾಡಿ, ಸುಮ್ಮನಿರೋ ಹೊತ್ತು ಸಣ್ಣ ಮಾಡಿದೆ. ಆವಾಗ ತಿಳೀತು, ಇಷ್ಟು ವರ್ಷ ನಾ ಸುಮ್ಮ ಕುಂಡ್ರದ ಇದ್ದದ್ದು ಹೊತ್ತಿಲ್ಲ ಅಂತ ಅಲ್ಲ. ಅವನ ಪಾಳಿಯೊಳಗ ಅವ ಏನು ಅಂತಾನೋ ಅನ್ನೂ ಅಂಜಿಕಿಗೆ.

ಕರ್ತನ ಪ್ರಾರ್ಥನಿಯೊಳಗ ನಮ್ಮ ತಪ್ಪಿನ ಮಾತು, ನಾವು ಬ್ಯಾರೆಯವರ ತಪ್ಪು ಬಿಡೂ ಮಾತು ಬರೂದು ನಿಮ್ಮೊಳಗ ಚರ್ಚಿಗೆ ಹೋಗೋರಿಗೆ ಗೊತ್ತೈತಿ. ಆ ಸಾಲು ಬಂದಾಗ ನಾ ಗಡಿಬಿಡಿ ಮಾಡಿ ದಾಟತಿದ್ದೆ, ಸಾಲ ಕೊಟ್ಟವರ ಮನಿ ಮುಂದ ಹಾದು ಹೋದಂಗ. ನಾ ಕ್ಷಮಾ ಮಾಡಬೇಕಾದಾಕಿ, ಅಕಿ ತಪ್ಪು ಮಾಡಿದಾಕಿ ಅನ್ನೂದು ನನ್ನ ಲೆಕ್ಕ. ಆದ್ರ ಒಂದಿನ ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯ ಓದೂ ಮುಂದ ಆ ಲೆಕ್ಕ ತಲಿಕೆಳಗಾತು. ಕಾಣಿಕಿ ಕೊಡಾಕ ಬಂದವ ಅದನ್ನ ಅಲ್ಲೇ ಬಿಟ್ಟು, ಮೊದಲ ಹೋಗಿ ಸಮಾಧಾನ ಮಾಡಿಕೊಂಡು ಬರಬೇಕು ಅಂತ ಯೇಸುಸ್ವಾಮಿ ಹೇಳೂ ಮಾತು. ಎಷ್ಟೋ ಸಲ ಕೇಳಿದ್ದೆ. ಆದ್ರ ಅಲ್ಲಿ ನಿನಗ ಯಾರ ಮ್ಯಾಲೆ ಸಿಟ್ಟೈತಿ ಅಂತ ಕೇಳಿಲ್ಲ. ನಿನ್ನ ಮ್ಯಾಲೆ ಯಾರಿಗೆ ಬ್ಯಾಸರೈತಿ ಅಂತ ಕೇಳ್ಯಾನ. ಅಕ್ಕ ನನಗ ಏನು ಮಾಡಿದ್ಲು ಅನ್ನೂದನ್ನ ಎರಡು ವರ್ಷ ಎಣಿಸಿದ್ದೆ. ನಾ ಅಕಿಗೆ ಏನು ಮಾಡಿದೆ ಅಂತ ಒಂದಿನಾನೂ ಎಣಿಸಿರಲಿಲ್ಲ.

ಅದ ವ್ಯಾಳ್ಯಾದಾಗ ರಾತ್ರೀದೊಂದು ರೂಢಿ ಹಚ್ಚಿಕೊಂಡಿದ್ದೆ. ಅದೂ ಬಾಯಾರು ಹೇಳಿದ್ದೇ. ಇಗ್ನೇಷಿಯಸ್ ಲೊಯೋಲಾ ಅನ್ನೋ ಸಂತರು 16ನೇ ಶತಮಾನದಾಗ ಕಲಿಸಿದ್ದು, ಕಥೋಲಿಕರೊಳಗ ಭಾಳ ಮಂದಿ ಮಾಡ್ತಾರ. ಮಲಗೂ ಮುಂದ ಆ ದಿನಾ ಮುಂಜಾನಿಂದ ಸಂಜಿತನಕ ಹಿಂದ ಹೊರಳಿ ನೋಡೂದು. ಯಾವುದಕ್ಕ ಉಪಕಾರ ಹೇಳಬೇಕು, ಎಲ್ಲಿ ಜಾರಿದೆ, ನಾಳೆ ಏನು ಬೇಕು, ಇಷ್ಟ. ನಾ ಅದನ್ನ ಅತ್ತಿ ಮಂಚದ ಬಾಜೂಕ ಕುಂತು, ಅವರ ಬಿದ್ದ ಕೈಗೆ ಎಣ್ಣಿ ತಿಕ್ಕೋತ ಮಾಡತಿದ್ದೆ. ಒಂದು ರಾತ್ರಿ ಹಂಗ ತಿಕ್ಕಾಕ ಹತ್ತಿದ್ದೆ. ಆ ದಿನಾ ಮೂರು ಸಲ ಹಾಸಗಿ ಬದಲಿ ಮಾಡಿದ್ದೆ, ಒಮ್ಮೆ ಅತ್ತಿಗೆ ಜೋರು ಮಾಡಿದ್ದೆ. ಎಲ್ಲಿ ಜಾರಿದೆ ಅಂತ ನೆನಸೂ ಮುಂದ ಒಮ್ಮೆಲೆ ಹೊಳೀತು. ನನಗ ಎಂಟು ತಿಂಗಳಿಗೆ ಹಿಂಗಾಗೇತಿ, ಅಕ್ಕ ಮೂರು ವರ್ಷ ಮಾಡಿದ್ಲಲಾ. ಒಬ್ಬಾಕೀನ. ನಾ ಹಣ್ಣು ತಗೊಂಡು ಹೋಗಿ ಸಂಜಿ ಬಸ್ಸಿಗೆ ಬರತಿದ್ದೆ. ಅಂಥಾಕಿಗೆ ಮಂದಿ ಮುಂದ, ಬಂಗಾರಕ್ಕ ಮಾಡಿದಿ ಅಂದೆ.

ಅತ್ತಿ ತಮ್ಮ ಎಡಗೈಲೆ ನನ್ನ ಕಣ್ಣು ಒರಸಿದ್ರು. ಯಾಕ ಅಳ್ತಿ ಅಂತ ಕೇಳಾಕ ಅವರಿಗೆ ಮಾತು ಬರತಿರಲಿಲ್ಲ.

ಮರುದಿನ ಫೋನ್ ಮಾಡಿದೆ. ಎತ್ತಲಿಲ್ಲ. ಎರಡನೇ ದಿನಾನೂ ಎತ್ತಲಿಲ್ಲ. ಮೂರನೇ ದಿನ ಮಾಮಾ ಎತ್ತಿ, "ಅಕಿ ಹೊರಗ ಹೋಗ್ಯಾಳ" ಅಂದ್ರು. ಹಿಂದ ಅಕ್ಕ ಕೆಮ್ಮಿದ್ದು ಕೇಳಿಸ್ತು. ಶನಿವಾರ ಅತ್ತಿ ಕಡೆ ನಮ್ಮ ಮನಿಯವರನ್ನ ಕುಂಡ್ರಿಸಿ, ಗದಗ ಬಸ್ ಹತ್ತಿದೆ. ದಾರಿಯುದ್ದಕ್ಕೂ ಹೇಳೂ ಮಾತು ಹತ್ತು ಸಲ ಜೋಡಿಸಿದೆ. ಹೋದಾಗ ಅಕ್ಕ ರೊಟ್ಟಿ ಬಡೀತಿದ್ಲು. ಜೋಡಿಸಿದ್ದು ಎಲ್ಲಾ ಮರತು ಹೋತು. "ಅಕ್ಕಾ, ಅವತ್ತ ನಾ ಆಡಿದ ಮಾತು ತಪ್ಪು. ಅವ್ವನ್ನ ನೀ ನೋಡಿದಂಗ ನಾ ನೋಡತಿರಲಿಲ್ಲ" ಅಂದೆ. ಪಾಟ್ಲಿ ಸುದ್ದಿ ತಗೀಲಿಲ್ಲ. ಅಕಿ ಹೊರಳಿ ನೋಡಲಿಲ್ಲ. ಕೈಯಾಗಿನ ರೊಟ್ಟಿ ಬಡದು, ಹಂಚಿಗೆ ಹಾಕಿ, ನೀರು ಸವರಿ, ತಿರುವಿ ಹಾಕಿದ್ಲು. ಆಮ್ಯಾಲೆ ಅಂದ್ಲು, "ಕುಂಡ್ರು. ಬಿಸಿ ಐತಿ, ತಿನ್ನು."

ಅಷ್ಟ. ಕೊಳ್ಳಿಗೆ ಬಿದ್ದು ಅತ್ತದ್ದಿಲ್ಲ. ಎರಡು ರೊಟ್ಟಿ, ಪುಂಡಿಪಲ್ಯ ತಿಂದು ಬಂದೆ. ಮೊದಲಿನಂಗ ನಗಾಡಿ ಮಾತಾಡಾಕ ಇನ್ನೂ ಆರು ತಿಂಗಳು ಬೇಕಾತು. ಪಾಟ್ಲಿ ಈಗೂ ಅಕ್ಕನ ಮನಿಯೊಳಗೇ ಅದಾವ. ಅಲ್ಲ, ತಪ್ಪಿದೆ, ಎರಡು ಪುಣೆಗೆ ಹೋದೂ. ಮದುವಿ ದಿನ ಮಗಳ ಕೈಯಾಗ ಅವನ್ನ ನೋಡಿದಾಗ ನನಗ ಚುರುಕ್ ಅಂದದ್ದು ಖರೇ. ದಿನಾ ಪ್ರಾರ್ಥನಿ ಮಾಡಿದ್ರೂ ಚುರುಕ್ ಅಂತೈತಿ. ಮರುದಿನ ಮುಂಜಾನೆ ಹಾಲಿಳಿಸಿ ಕುಂತಾಗ ಅದನ್ನೂ ಹೇಳಿದೆ.

ಈಗ ಹುಡುಗಿಗೆ ಹೇಳಬೇಕಾದ್ದು ಇಷ್ಟ ಐತಿ. ಹತ್ತು ಮಿನಿಟು ಸಾಕು, ಐದು ನಿನ್ನವು, ಐದು ಅವನವು. ಹೊಸಾ ಹೊತ್ತು ಹುಡುಕಬ್ಯಾಡ, ದಿನಾ ಮಾಡೋ ಕೆಲಸದ ಬೆನ್ನಿಗೆ ಹಚ್ಚು. ಮೊಬೈಲು ಬ್ಯಾರೆ ಕೋಣಿಯೊಳಗಿಡು. ಒಂದಿನ ತಪ್ಪಿದ್ರ ಮರುದಿನ ಎರಡರಷ್ಟು ಮಾಡಿ ತೀರಸಾಕ ಹೋಗಬ್ಯಾಡ, ಅದೇನು ಸಂಘದ ಸಾಲದ ಕಂತಲ್ಲ. ಸುಮ್ಮ ಮರುದಿನ ಕುಂಡ್ರು. ನಾಚಿಕಿ ಯಾಕ? ಹನ್ನ ದೇವಾಲಯದಾಗ ದನಿ ಇಲ್ಲದ ತುಟಿ ಅಲುಗಾಡಿಸಿ ಪ್ರಾರ್ಥನಿ ಮಾಡಿದಾಗ, ಯಾಜಕ ಏಲಿ ಅಕಿ ಕುಡದಾಳ ಅಂತ ತಿಳಕೊಂಡ. ದೇವರು ಹಂಗ ತಿಳಕೊಳ್ಳಲಿಲ್ಲ. ನಮ್ಮ ಅತ್ತಿದೂ ಈಗ ಹಂಗ. ಮಾತು ಇನ್ನೂ ಪೂರಾ ಬಂದಿಲ್ಲ. ಆದ್ರ ಸಂಜಿಮುಂದ ಎಲ್ಲಾರೂ ಕೂಡಿ ಕರ್ತನ ಪ್ರಾರ್ಥನಿ ಹೇಳೂ ಮುಂದ ಅವರ ತುಟಿ ಕಡೀತನಕ ನಮ್ಮ ಜೋಡಿ ಬರತಾವ.

ಇನ್ನೊಂದು. ಸುಮ್ಮ ಕುಂತಾಗ ಮನಸ್ಸಿಗೆ ಹಗುರಾಗಲಿಲ್ಲ, ಭಾರಾತು ಅಂದ್ರ ಹೆದರಿ ಏಳಬ್ಯಾಡ. ತಳದಾಗ ಇದ್ದದ್ದು ಮ್ಯಾಲೆ ಬರಾಕ ಹತ್ತೈತಿ ಅಂತ ತಿಳಕೋ. ಬಂದದ್ದನ್ನ ನೋಡು. ಎದ್ದು ಹೋಗಿ ಮಾಡೂದು ಏನರ ಇದ್ರ ಮಾಡು.

ಇವತ್ತ ಮುಂಜಾನೆ ಹಾಲು ಕಾಸೂಕಿಂತ ಮೊದಲ ನಳ ಬಂತು. ಬ್ಯಾರಲ್ ತುಂಬೂತನಕ ಪಾವಟಗಿ ಮ್ಯಾಲೆ ಕುಂತು, ಸೆರಗು ತಲಿಗೆ ಎಳಕೊಂಡು ಹತ್ತು ಮಿನಿಟು ಮುಗಿಸಿದೆ. ಬಾಜೂಮನಿ ವೈನಿ ತಮ್ಮ ಬಾಗಲಿಗೆ ನೀರು ಹೊಡದು ರಂಗೋಲಿ ಹಾಕಾಕ ಹತ್ತಿದ್ರು. ನಾ ಕುಂತದ್ದು ನೋಡಿ ಅವರೂ ಮಾತಾಡಸಲಿಲ್ಲ, ನನ್ನ ಬ್ಯಾರಲ್ ತುಂಬಿದ್ದಕ್ಕ ತಾವೇ ಪೈಪು ತಗದು ಕೊಡಕ್ಕ ಹಾಕಿ ಹೋದ್ರು.

ನಿಮ್ಮ ಮನಿಯೊಳಗ ಯಾವಾಗ ಕುಂಡ್ರತೀರಿ, ಎಲ್ಲಿ ಕುಂಡ್ರತೀರಿ, ಸಿಕ್ಕಾಗ ಹೇಳ್ರಿ. ಯಾವ ದೇವರ ಮುಂದರ ಕುಂಡ್ರ್ರಿ, ಅವನ ಪಾಳಿ ಮಾತ್ರ ತಪ್ಪಿಸಬ್ಯಾಡ್ರಿ.